ಒಳಮಠ, ಹೊರಮಠ

ಮನೆಯನ್ನು ಬಿಟ್ಟವನಿಗೆ ಮನೆ ಯಾವುದು? ಕೇಳಲು ವಿಚಿತ್ರವೆನಿಸುವ ಈ ಪ್ರಶ್ನೆಗೆ ನಮ್ಮ ನಾಡಿನ ವಾಸ್ತುಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಅರಸನಿಗೆ ಅರಮನೆ ಉಂಟು, ದೇವರಿಗೆ ಗುಡಿ ಉಂಟು, ದುಡಿಯುವವನಿಗೆ ಹಟ್ಟಿಯೋ ಗುಡಿಸಲೋ ಉಂಟು. ಹೆಂಡಿರು ಮಕ್ಕಳು, ಹೊಲ ಮನೆ ಎಲ್ಲವನ್ನೂ ತೊರೆದು ಜೋಳಿಗೆ ಹಿಡಿದು ಹೊರಟ ಗುರುವಿಗೂ ಮಳೆಯ ರಾತ್ರಿಯಲ್ಲಿ ತಲೆಯ ಮೇಲೊಂದು ಸೂರು ಬೇಕು. ಆ ಸೂರಿಗೆ ನಾವು ಮಠ ಎಂದು ಹೆಸರಿಟ್ಟೆವು. ವಾಸಮಾಡು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದ ಮಾತು ಅದು. ಶಿಷ್ಯರೇ ಮೊದಲಾದವರು ತಂಗುವ ಮನೆ ಎಂಬುದು ಅಮರಕೋಶ ಅದಕ್ಕೆ ಕೊಡುವ ಅರ್ಥ. ಕನ್ನಡದಲ್ಲಿ ಊರ ಶಾಲೆಗೂ ಕೂಲಿಮಠವೆಂಬ ಹೆಸರಿದ್ದುದನ್ನು ಹಿರಿಯರು ಬಲ್ಲರು. ಹೀಗೆ ಮಠವೆಂದರೆ ಮೊದಲಿಗೆ ಪೀಠವಲ್ಲ, ಪದವಿಯಲ್ಲ, ಒಂದು ಮನೆ. ಅದಕ್ಕೆ ಗೋಡೆಯುಂಟು, ಮಾಡುಂಟು, ಒಲೆಯುಂಟು. ಈ ಮನೆಯನ್ನು ಕುರಿತು, ಅದರ ಕಟ್ಟಡವನ್ನೂ ಅದರ ಉಳಿವನ್ನೂ ಕುರಿತು, ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮೊದಲು ದೂರದ ಒಂದು ನಿದರ್ಶನವನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ ಪಾದ್ರಿಗಳ ಹಳೆಯ ಮನೆಯೊಂದಿದೆ. 14ನೆಯ ಶತಮಾನದ್ದು. ಮರದ ಚೌಕಟ್ಟು, ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಹೊದಿಕೆ. ಅದರ ನೆಲವನ್ನು ಸೀಮೆಸುಣ್ಣದ ಪುಡಿಯನ್ನು ಕುಟ್ಟಿ, ಹುಳಿಹಾಲಿನಿಂದ ಸಾರಿಸಿ ಗಟ್ಟಿಮಾಡಿದ್ದಾರೆ. 19ನೆಯ ಶತಮಾನದ ಕೊನೆಗೆ ಆ ಮನೆ ಕುಸಿಯುವಂತಾಗಿ, ಕೆಡವಿಬಿಡಬೇಕೆಂಬ ಯೋಚನೆ ನಡೆದಿತ್ತು. ಊರಿನ ಪಾದ್ರಿಯ ಮೊರೆಯಿಂದ ಅದು ಉಳಿಯಿತು. ಚರಿತ್ರಾರ್ಹ ತಾಣಗಳನ್ನು ಕಾಪಾಡಲೆಂದು 1895ರಲ್ಲಿ ಅಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಮರುವರ್ಷ, 1896ರಲ್ಲಿ, ಹತ್ತು ಪೌಂಡು ಕೊಟ್ಟು ಅದನ್ನು ಕೊಂಡಿತು. ಆ ಸಂಸ್ಥೆ ಕೊಂಡ ಮೊತ್ತಮೊದಲ ಕಟ್ಟಡ ಅದು. ಅರಮನೆಯಲ್ಲ, ಕೋಟೆಯಲ್ಲ, ಹಳ್ಳಿಯ ಒಬ್ಬ ಧರ್ಮೋಪದೇಶಕನ ಮಣ್ಣುಗೋಡೆಯ ಮನೆ ಎಂಬುದನ್ನು ನಾವು ಗಮನಿಸಬೇಕು. ಹುಳಿಹಾಲಿನ ನೆಲದ ಸಂಗತಿಯನ್ನು ಓದಿದಾಗ ನನಗೆ ನಮ್ಮ ಚಿತ್ರದುರ್ಗ ಸೀಮೆಯ ಮಠಗಳ ಸಗಣಿ ಸಾರಿಸಿದ ಪಡಸಾಲೆಗಳೇ ನೆನಪಾದವು. ಬಡ ಊರಿನ ಗುರುಮನೆ ಎಲ್ಲಿಯದಾದರೂ ಕೈಗೆ ಸಿಕ್ಕಿದ್ದರಿಂದಲೇ ಕಟ್ಟಿದ್ದು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕರ್ನಾಟಕದ ಅತ್ಯಂತ ಒಣಸೀಮೆಗಳಲ್ಲಿ ಸೇರಿದ ತಾಲ್ಲೂಕುಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರಿನ ಆಸುಪಾಸು, ಅದೂ ನಂಬುವಂಥದಲ್ಲ. ಕಲ್ಲುಗುಡ್ಡ, ಜಾಲಿ, ಹುಲ್ಲುಗಾವಲಿನ ಕಾವಲು, ನಡುನಡುವೆ ನವಣೆ, ಸಜ್ಜೆ, ಶೇಂಗಾದ ಹೊಲ. ಮ್ಯಾಸಬೇಡರು, ಕಾಡುಗೊಲ್ಲರು ದನಕುರಿಗಳ ಹಿಂದೆ ನಡೆದು ಹಟ್ಟಿಗಳನ್ನು ಕಟ್ಟಿಕೊಂಡ ನೆಲ. ಇಲ್ಲಿಯ ವಾಸ್ತುವನ್ನು ತಿಳಿಯಬೇಕಾದವರು ಮೊದಲು ತಲೆಯೆತ್ತಿ ಮಾಡನ್ನು ನೋಡಬೇಕು. ಮಲೆನಾಡಿನಂತೆ ಇಳಿಜಾರು ಹೆಂಚು ಇಲ್ಲಿ ಬೇಕಿರಲಿಲ್ಲ. ಇಲ್ಲಿಯದು ಮಾಳಿಗೆ. ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ನಡುವೆ ಮರದ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಜೋಡಿಸಿದ ಸೀಳುಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಕೊನೆಯ ಪದರಕ್ಕೆ ಕರಲುಮಣ್ಣೇ ಆಗಬೇಕು. ಉಪ್ಪಿನ ಅಂಶವಿರುವ ಆ ನುಣುಪು ಮಣ್ಣು ಬೆಳೆಗೆ ಬಾರದು. ಆದರೆ ಮೊದಲ ಹನಿಗೆ ಮೆತ್ತಗಾಗಿ ಬಿರುಕುಗಳನ್ನು ತಾನೇ ಮುಚ್ಚಿಕೊಂಡು ನೀರನ್ನು ಒಳಗೆ ಬಿಡದೆ ಹೊರಗೆ ಹರಿಸುತ್ತದೆ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮಳೆ ಬಂದರೆ ಅದರ ಬಾಯಿಗೆ ಚಪ್ಪಡಿ. ಬಿಸಿಲು 40 ಡಿಗ್ರಿ ತಲುಪುವ ಬೇಸಗೆಯಲ್ಲೂ ಆ ದಪ್ಪ ಮಣ್ಣು ಒಳಗಿನ ತಂಪನ್ನು ಬಿಟ್ಟುಕೊಡುವುದಿಲ್ಲ.

ಈ ಮಾಳಿಗೆಗೆ ಒಂದು ಗುಣವಿದೆ; ನನ್ನ ಇಂದಿನ ಮಾತಿನ ತಿರುಳು ಅದರಲ್ಲಿದೆ. ಅದು ಒಮ್ಮೆ ಕಟ್ಟಿ ಮರೆತುಬಿಡುವಂಥ ಮಾಡಲ್ಲ. ಪ್ರತಿವರ್ಷ ಮುಂಗಾರಿಗೆ ಮುನ್ನ ಹಳ್ಳದ ಬದಿಯಿಂದ ಕರಲುಮಣ್ಣು ತರಬೇಕು, ಮೇಲೆ ಹತ್ತಿ ಹರಡಬೇಕು, ತುಳಿಯಬೇಕು, ಬಡಿಯಬೇಕು, ಹುಲ್ಲು ಬೆಳೆದರೆ ಕೀಳಬೇಕು. ಒಕ್ಕಲಿನ ಮನೆಯಾದರೆ ಈ ಕೆಲಸ ಮನೆಯವರದು. ಮಠದಲ್ಲಿರುವವನು ಒಬ್ಬನೇ, ಅವನಿಗೆ ಮಕ್ಕಳಿಲ್ಲ, ಆಳಿಲ್ಲ. ಆದ್ದರಿಂದ ಮಠದ ಮಾಳಿಗೆಗೆ ಮಣ್ಣು ಹಾಕುವುದು ಊರಿನ ಕೆಲಸ. ಗುರು ಮನೆಮನೆಗೂ ಹೋಗಿ ಕೋರಾನ್ನ ಬೇಡುತ್ತಿದ್ದ ಎಂಬುದನ್ನು ನಾವೆಲ್ಲ ಬಲ್ಲೆವು. ಅವನ ಮನೆಯೂ ವರ್ಷಕ್ಕೊಮ್ಮೆ ಊರನ್ನು ಬೇಡುತ್ತಿತ್ತು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಒಂದು ಬುಟ್ಟಿ ಮಣ್ಣು, ಅರ್ಧ ದಿನದ ಮೈಗೆಲಸ: ಇದೂ ಭಿಕ್ಷೆಯೇ. ಬೇಡುವ ಮನೆಗೆ ಕೊಡುವವರು ಇರುವಷ್ಟು ಕಾಲ ಆ ಮನೆ ನಿಲ್ಲುತ್ತದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾಯಕನಹಟ್ಟಿಗೆ ಹೋಗೋಣ. ಚಳ್ಳಕೆರೆಗೆ ವಾಯವ್ಯ ದಿಕ್ಕಿನಲ್ಲಿ ಸುಮಾರು 20 ಕಿಲೋಮೀಟರು ದೂರದ ಈ ಊರು ಇಂದು ಪಟ್ಟಣ ಪಂಚಾಯಿತಿ. ಹೆಸರು ಮಾತ್ರ ಇನ್ನೂ ಹಟ್ಟಿಯದೇ. ದನಗಳ ಹಿಂಡಿನೊಡನೆ ಬಂದ ಬೇಡ ನಾಯಕರು ಇಲ್ಲಿ ಪಾಳೆಯಪಟ್ಟು ಕಟ್ಟಿದರು. ಮುಂದೆ ಇದು ಚಿತ್ರದುರ್ಗದ ನಾಯಕರಿಗೆ ಸೇರಿತು. ಪಾಳೆಯಗಾರರ ಆ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ಶರಣರು ತಿಪ್ಪೇರುದ್ರಸ್ವಾಮಿಗಳು. ಜನರ ಬಾಯಲ್ಲಿ ತಿಪ್ಪೇಸ್ವಾಮಿ. ಈ ಸೀಮೆಯಲ್ಲಿ ಜಾತಿಭೇದವಿಲ್ಲದೆ ಮನೆಗೊಬ್ಬ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇರುದ್ರಪ್ಪ ಇರುವುದೇ ಅವರ ಪ್ರಭಾವಕ್ಕೆ ಸಾಕ್ಷಿ.

ಅವರ ಹೆಸರಿನಲ್ಲಿ ಇಲ್ಲಿ ಎರಡು ಕಟ್ಟಡಗಳಿವೆ. ಊರ ನಡುವೆ ಇರುವುದು ಒಳಮಠ. ಊರ ಹೊರಗೆ, ಕೆರೆಯ ಬಳಿ ಇರುವುದು ಹೊರಮಠ. ಮೊದಲನೆಯದು ಅವರು ಬದುಕಿದ ಮನೆ, ಎರಡನೆಯದು ಅವರ ಸಮಾಧಿ. ಎರಡಕ್ಕೂ ಜನ ಮಠವೆಂದೇ ಕರೆದರು. ಬಾಳಿದ್ದು ಒಂದು ಮನೆ, ಬಾಳು ಮುಗಿಸಿದ ಮೇಲೆ ಇನ್ನೊಂದು ಮನೆ. ಎರಡಕ್ಕೂ ವ್ಯತ್ಯಾಸ ಒಳಗು ಹೊರಗಿನದು ಮಾತ್ರ ಎಂಬ ಭಾವನೆ ಈ ಹೆಸರುಗಳಲ್ಲಿದೆ.

ಒಳಮಠವನ್ನು ಕುರಿತು ಒಂದು ಐತಿಹ್ಯವಿದೆ. ಸ್ವಾಮಿಗಳು ಊರಿಗೆ ಬಂದಾಗ ಅವರಿಗೆ ಇಳಿದುಕೊಳ್ಳಲು ಜಾಗವಿರಲಿಲ್ಲ. ಈಗಿನ ಒಳಮಠದ ಸ್ಥಳದಲ್ಲಿ ಆಗ ಮಾರಮ್ಮನ ಗುಡಿ ಇತ್ತು. ಆ ರಾತ್ರಿಗೆ ತಮ್ಮ ಜೋಳಿಗೆಗೂ ಬೆತ್ತಕ್ಕೂ ಇಷ್ಟು ಜಾಗ ಕೊಡು ಎಂದು ಅವರು ತಾಯಿಯನ್ನು ಕೇಳಿದರು. ತಾಯಿ ಒಪ್ಪಿದಳು. ಇಟ್ಟ ಜೋಳಿಗೆ ಬೆತ್ತಗಳು ಬೆಳೆದು ಬೆಳೆದು ಗುಡಿಯನ್ನೆಲ್ಲ ತುಂಬಿಕೊಂಡವು. ಮಾರಮ್ಮ ಆ ಜಾಗವನ್ನು ಬಿಟ್ಟು ಹೊರಟುಹೋದಳು. ಭಕ್ತರು ಇದನ್ನು ಮಹಿಮೆಯಾಗಿ ಹೇಳುತ್ತಾರೆ. ಚರಿತ್ರೆಯ ಕಣ್ಣಿನಿಂದ ನೋಡಿದರೆ ಇದರಲ್ಲಿ ಇನ್ನೊಂದು ಸತ್ಯ ಕಾಣುತ್ತದೆ: ಹಳ್ಳಿಯ ಗುರುಮನೆ ಬರಿಯ ಬಯಲಿನಲ್ಲಿ ಎದ್ದದ್ದು ಅಪರೂಪ. ಅದು ಬಹುಮಟ್ಟಿಗೆ ಇನ್ನೊಂದು ನಂಬಿಕೆಯ ನೆಲದ ಮೇಲೆ, ಇನ್ನೊಬ್ಬರ ಸೂರಿನ ಕೆಳಗೆ ಆರಂಭವಾಗುತ್ತದೆ. ಬೇಡಿ ಪಡೆದ ಜಾಗ ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ; ಮೊದಲಿದ್ದವಳು ಹೊರಹೋದಳೆಂಬುದನ್ನೂ ಮರೆಯುವುದಿಲ್ಲ. ಗೋಡೆಗಳು ಇಟ್ಟುಕೊಳ್ಳದ ನೆನಪನ್ನು ಜನರ ನಾಲಗೆ ಇಟ್ಟುಕೊಂಡಿದೆ.

ಹೊರಮಠದ ಕಟ್ಟಡ ಬೇರೆಯ ಬಗೆಯದು. ವಿಜಯನಗರ ಪದ್ಧತಿಯೂ ಇಸ್ಲಾಮೀ ಪದ್ಧತಿಯೂ ಅದರಲ್ಲಿ ಬೆರೆತಿರುವುದನ್ನು ನೋಡಿದವರೆಲ್ಲ ಗುರುತಿಸಿದ್ದಾರೆ. ಈ ಎರಡು ಪದ್ಧತಿಗಳ ವ್ಯತ್ಯಾಸವನ್ನು ಸ್ಥೂಲವಾಗಿ ಹೇಳುವುದಾದರೆ, ವಿಜಯನಗರದ ಶಿಲ್ಪಿ ಕಂಬ ನೆಟ್ಟು ಅದರ ಮೇಲೆ ಕಲ್ಲುತೊಲೆಯನ್ನು ಅಡ್ಡ ಮಲಗಿಸುತ್ತಾನೆ; ಭಾರ ನೇರವಾಗಿ ಕೆಳಗಿಳಿಯುತ್ತದೆ. ತೊಲೆ ಎಷ್ಟು ಉದ್ದವೋ ಅಂಕಣ ಅಷ್ಟೇ ಅಗಲ. ಕಮಾನು ಗುಮ್ಮಟಗಳ ಪದ್ಧತಿಯಲ್ಲಿ ಸಣ್ಣ ಇಟ್ಟಿಗೆ ಕಲ್ಲುಗಳೇ ಗಾರೆಯ ಬೆಸುಗೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಭಾರವನ್ನು ಪಕ್ಕಕ್ಕೆ ಸಾಗಿಸುತ್ತವೆ. ನಡುವೆ ಕಂಬವಿಲ್ಲದ ಬಯಲು ದೊರೆಯುತ್ತದೆ. ಬಹಮನಿ, ಬಿಜಾಪುರದ ಕಡೆಯಿಂದ ಬಂದ ಈ ವಿದ್ಯೆ ವಿಜಯನಗರದ ರಾಜಧಾನಿಯಲ್ಲೇ, ಕಮಲಮಹಲು ಆನೆಲಾಯಗಳಲ್ಲಿ, ದೇಶೀಯ ವಿದ್ಯೆಯೊಡನೆ ಕೈಕೂಡಿಸಿತ್ತು. ಅಲ್ಲಿಂದ ಪಾಳೆಯಗಾರರ ಸೀಮೆಗಳಿಗೆ ಅದು ಇಳಿದು ಬಂದುದು ಸಹಜವೇ.

ಸಮಾಧಿಗೆ ಈ ಬಗೆ ಏಕೆ ಒಪ್ಪಿತು? ವೀರಶೈವ ಸಂಪ್ರದಾಯದಲ್ಲಿ ದೇಹವನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕುಳಿತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣುಮಾಡುತ್ತಾರೆ. ಅದರ ಮೇಲೆ ಕಟ್ಟಿದ್ದು ಗದ್ದುಗೆ. ಗದ್ದುಗೆಯೆಂದರೆ ಆಸನ. ಆದ್ದರಿಂದ ಶರಣರ ಸಮಾಧಿ ಗೋರಿಯೆಂಬುದಕ್ಕಿಂತ ಹೆಚ್ಚಾಗಿ ಗುರು ಕುಳಿತಿರುವ ಕೋಣೆ. ಕುಳಿತವನ ಸುತ್ತ ಬಂದವರು ನಿಲ್ಲಬೇಕು, ಸುತ್ತಬೇಕು, ಬಾಗಬೇಕು. ತಿಪ್ಪೇಸ್ವಾಮಿಯ ಮುಂದೆ ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದುದರಿಂದ, ಕಟ್ಟಡವೂ ಎರಡು ಕೈಗಳಿಂದ ಎದ್ದುದು ಯಾರಿಗೂ ಅಸಹಜವೆನಿಸಿರಲಾರದು.

ಗುರುಮನೆಗೆ ಮೂರನೆಯ ಅಂಗವೊಂದಿದೆ: ಕೆರೆ. ತಿಪ್ಪೇರುದ್ರಸ್ವಾಮಿಗಳು ಈ ಸೀಮೆಯಲ್ಲಿ ಐದು ಕೆರೆಗಳನ್ನು ಕಟ್ಟಿಸಿದರೆಂದು ಜನ ನಂಬಿದ್ದಾರೆ. ಕೆರೆಯ ಕೆಲಸಕ್ಕೆ ಬಂದವರಿಗೆ ಅವರು ಕೂಲಿ ಕೊಟ್ಟ ಬಗೆಯನ್ನೂ ಕಥೆ ಹೇಳುತ್ತದೆ: ಸಂಜೆ ಮರಳಿನ ಗುಡ್ಡೆಗಳನ್ನು ಮಾಡಿಸಿ ಒಬ್ಬೊಬ್ಬರಿಗೆ ಒಂದೊಂದನ್ನು ತೋರಿಸುತ್ತಿದ್ದರಂತೆ, ಯಾರು ಎಷ್ಟು ದುಡಿದರೋ ಅವರ ಗುಡ್ಡೆಯಲ್ಲಿ ಅಷ್ಟೇ ಹಣ. ದುಡಿಮೆಗೆ ತಕ್ಕಷ್ಟೇ ಫಲ ಎಂಬ ಅರ್ಥದ ಮಾತೊಂದು ಅವರ ಹೆಸರಿನೊಡನೆ ಇಂದಿಗೂ ಇಲ್ಲಿ ಮನೆಮಾತು. ಪವಾಡವನ್ನು ಬದಿಗಿಟ್ಟರೂ ಉಳಿಯುವ ವಿಷಯ ಸಣ್ಣದಲ್ಲ. ಜೋಳಿಗೆ ಹಿಡಿದವನು ಊರಿಂದ ಪಡೆದುದನ್ನು ಏರಿಯಾಗಿ, ತೂಬಾಗಿ ಊರಿಗೇ ಹಿಂದಿರುಗಿಸಿದ. ಆ ಏರಿಗೂ ಮಾಳಿಗೆಯಂತೆಯೇ ವರ್ಷ ವರ್ಷ ಊರಿನ ಕೈ ಬೇಕಾಯಿತು, ಹೂಳು ತೆಗೆಯಲು, ಕೊರೆದ ಜಾಗಕ್ಕೆ ಮಣ್ಣು ಹಾಕಲು. 1876ರಿಂದ 78ರವರೆಗಿನ ಧಾತು ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಐದರಲ್ಲೊಂದು ಪಾಲಿನಷ್ಟನ್ನು ಕಳೆದುಕೊಂಡಿತು. ಅಂಥ ನಾಡಿನಲ್ಲಿ ಕೆರೆ ಕಟ್ಟಿದವನು ದೇವರಾದುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಉತ್ತರಕ್ಕೆ, ಮೊಳಕಾಲ್ಮೂರಿನ ಕಡೆಗೆ. ನುಂಕೆಮಲೆಯಲ್ಲಿ ನಾಥಪಂಥದ ನೆಲೆಯಿರುವ ಈ ತಾಲ್ಲೂಕಿನಲ್ಲಿ ಗುರುಮನೆಯ ಚರಿತ್ರೆಗೆ ಇನ್ನೂ ಬಹಳ ಹಳೆಯ ಸಾಕ್ಷಿಯಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೆಯ ಶತಮಾನದ ಬರಹಗಳವು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯಲ್ಲಿ ತಂದೆತಾಯಿಯರನ್ನು ಸೇವಿಸಬೇಕು, ಪ್ರಾಣಿಗಳಲ್ಲಿ ಕರುಣೆಯಿರಬೇಕು, ಸತ್ಯ ನುಡಿಯಬೇಕು ಎಂದು ಹೇಳಿ, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು, ಇದೇ ಹಿಂದಿನಿಂದ ಬಂದ ನಡತೆ ಎಂದು ಮುಗಿಸಿದೆ. ಅಂತೇವಾಸಿಯೆಂದರೆ ಗುರುವಿನ ಸಮೀಪದಲ್ಲಿ ವಾಸಿಸುವವನು. ಆ ಒಂದು ಪದದೊಳಗೆ ಒಂದು ಮನೆಯಿದೆ. ಗುರುವೂ ಶಿಷ್ಯನೂ ಒಂದೇ ಸೂರಿನಡಿ ಇರುವ ಆ ಮನೆ ಅಶೋಕನಿಗೇ ಪುರಾತನವಾಗಿತ್ತು.

1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಕಲ್ಲುಕೊಡಲಿಯ ಜನರಿಂದ ಬೃಹತ್ ಶಿಲಾಸಮಾಧಿಗಳ ಜನರವರೆಗೆ, ಅವರಿಂದ ಶಾತವಾಹನರ ಕಾಲದವರೆಗೆ ಪದರ ಪದರವಾಗಿ ನೆಲೆಗಳನ್ನು ತೋರಿಸಿದರು. ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಯ ಕಾಲಗಣನೆಗೆ ಅದು ಬುನಾದಿಯಾಯಿತು. ಇಂದು ಈ ಶಾಸನಸ್ಥಳಗಳು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯಿದೆ ಅವುಗಳನ್ನು ಕಾಯುತ್ತದೆ; 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಕಲ್ಲಿಗೆ ಇದು ದೊಡ್ಡ ಆಸರೆ. ಇಲ್ಲದಿದ್ದರೆ ಗಣಿಯ ಸುತ್ತಿಗೆ ಈ ಬಂಡೆಗಳನ್ನು ಬಿಡುತ್ತಿತ್ತೆಂದು ನಾನು ನಂಬುವುದಿಲ್ಲ. ಆದರೆ ಅಲ್ಲಿ ನಿಂತಾಗ ನನಗೆ ಅನಿಸಿದ್ದನ್ನು ಹೇಳಬೇಕು: ಅಕ್ಷರ ಉಳಿದಿದೆ, ಅಂತೇವಾಸಿ ಇಲ್ಲ. ಬಂಡೆ ಯಾರನ್ನೂ ಏನನ್ನೂ ಬೇಡುತ್ತಿಲ್ಲ. ಊರಿನವರು ಅದಕ್ಕಾಗಿ ಮಾಡಬೇಕಾದ್ದೂ ಏನಿಲ್ಲ.

ನಾಯಕನಹಟ್ಟಿಯದು ಇದಕ್ಕೆ ಪೂರ್ತಿ ವಿರುದ್ಧವಾದ ಸ್ಥಿತಿ. ಅಲ್ಲಿ ಜನ ಬೇಕಾದಷ್ಟಿದ್ದಾರೆ. ಫಾಲ್ಗುಣದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ, ತೇರಿನ ಮುಕ್ತಿಬಾವುಟವನ್ನು ಹರಾಜಿನಲ್ಲಿ ಲಕ್ಷಗಳಿಗೆ ಕೂಗುತ್ತಾರೆ. ಆಡಳಿತ ಸರ್ಕಾರದ ಮುಜರಾಯಿ ಇಲಾಖೆಯದು. ಇದರಲ್ಲೊಂದು ಸ್ವಾರಸ್ಯವಿದೆ: ಧಾರ್ಮಿಕ ಸಂಸ್ಥೆಗಳನ್ನು ಕುರಿತ 1997ರ ಕರ್ನಾಟಕದ ಕಾಯಿದೆ ಮಠಗಳಿಗೆ ಅನ್ವಯಿಸುವುದಿಲ್ಲ, ದೇವಾಲಯಗಳಿಗೆ ಅನ್ವಯಿಸುತ್ತದೆ. ಜನರ ಬಾಯಲ್ಲಿ ಮಠವಾದುದು ಕಡತದಲ್ಲಿ ದೇವಾಲಯ. ಗುರು ದೇವರಾದಾಗ ಅವನ ಮನೆ ಗುಡಿಯಾಗುತ್ತದೆ, ಗುಡಿಗೆ ಕಾಣಿಕೆ ಬರುತ್ತದೆ. ಕಾಣಿಕೆ ಬಂದ ಕಡೆ ಹಳೆಯ ಗೋಡೆಗೆ ಹೊಸ ಬಣ್ಣ, ಹಳೆಯ ನೆಲಕ್ಕೆ ಹೊಳೆಯುವ ಕಲ್ಲು ಬರುವುದು ನಮ್ಮ ನಾಡಿನ ಎಲ್ಲ ದೊಡ್ಡ ಕ್ಷೇತ್ರಗಳ ಅನುಭವ.

ದೊಡ್ಡ ಕ್ಷೇತ್ರಗಳಿಗಿಂತ ನನಗೆ ಹೆಚ್ಚು ಚಿಂತೆ ಸಣ್ಣ ಮಠಗಳದು. ಈ ಸೀಮೆಯ ಒಂದು ಹಳ್ಳಿಯಲ್ಲಿ, ಹೆಸರು ಬೇಡ, ನಾನು ಬಹುಕಾಲದಿಂದ ಬಲ್ಲ ಮಠವೊಂದಿತ್ತು. ಆರು ಕಂಬದ ಪಡಸಾಲೆ, ಕಮರದ ತೊಲೆ, ಮೂಲೆಯಲ್ಲಿ ಧಾನ್ಯದ ಹಗೇವಿನ ಬಾಯಿ, ಬಾಗದೆ ಒಳಗೆ ಹೋಗಲಾಗದ ಬಾಗಿಲು. ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರ ಉದಾರ ಸಹಾಯದಿಂದ ಮಾಳಿಗೆಯನ್ನು ಇಳಿಸಿ ಕಾಂಕ್ರೀಟಿನ ತಾರಸಿ ಹಾಕಿದರು. ತೊಲೆಗಳು ಸೌದೆಯ ಲೆಕ್ಕದಲ್ಲಿ ಹೋದವು. ಮನಸ್ಸಿನಲ್ಲಿ ಕೆಡುಕಿಲ್ಲದೆ, ಭಕ್ತಿಯಿಂದಲೇ ನಡೆದ ಕೆಲಸ ಅದು. ಆಮೇಲೊಮ್ಮೆ ಬೇಸಗೆಯಲ್ಲಿ ಹೋದಾಗ ವೃದ್ಧ ಸ್ವಾಮಿಗಳು ಒಳಗಿನ ಕಾವು ತಾಳಲಾರದೆ ಹೊರಗಿನ ಬೇವಿನ ಮರದಡಿ ಕಂಬಳಿ ಹಾಸಿ ಕುಳಿತಿದ್ದರು. ನಾನು ಮಾಳಿಗೆಯ ಮಾತೆತ್ತಿದೆ. ಅವರು, "ತಂಪು ಹೋಯಿತು ಅಂತ ನೀವು ಅಂತೀರಿ. ಅದು ಹೋಗಲಿ. ಮುಂಗಾರಿಗೆ ಮುಂಚೆ ಹುಡುಗರು ಮಣ್ಣು ಹೊತ್ತು ಮೇಲೆ ಹತ್ತುತ್ತಿದ್ದರಲ್ಲ, ಈಗ ಯಾಕೆ ಬಂದಾರು?" ಎಂದರು. ನಾನು ಓದಿದ ಯಾವ ವಾಸ್ತುಗ್ರಂಥದಲ್ಲೂ ಅಷ್ಟು ಸ್ಪಷ್ಟವಾಗಿ ಈ ವಿಷಯ ಇರಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಪ್ರತಿಯೊಂದು ಹಳ್ಳಿಯ ಮಠಕ್ಕೂ ಇಲಾಖೆಯ ಫಲಕ ನೆಡಬೇಕೆಂದು ನಾನು ಹೇಳಲಾರೆ. ಅದು ಸಾಧ್ಯವೂ ಅಲ್ಲ. ಬೇಲಿ ಹಾಕಿದ ಮಠ ಮಠವಾಗಿ ಉಳಿಯುವುದೂ ಇಲ್ಲ. ಬದಲಾವಣೆಯೇ ಕೂಡದೆನ್ನುವುದೂ ಅನ್ಯಾಯ. ಸೋರುವ ಮಾಡಿನ ಕೆಳಗೆ ಮಲಗುವವರು ನಾವಲ್ಲ. ಆದರೆ ಮೂರು ಕೆಲಸಗಳು ನಮ್ಮ ಕೈಯೊಳಗಿವೆ. ಒಂದು, ಇಳಿಸುವ ಮುನ್ನ ಅಳೆಯುವುದು. ಕಂಬಗಳೆಷ್ಟು, ಅಂಕಣ ಎಷ್ಟಗಲ, ತೊಲೆ ಯಾವ ಮರದ್ದು, ಒಲೆ ಯಾವ ದಿಕ್ಕಿಗೆ ಎಂಬುದನ್ನು ಊರ ಶಾಲೆಯ ಮಕ್ಕಳೇ ಒಂದು ದಿನದಲ್ಲಿ ಬರೆದಿಡಬಲ್ಲರು. ಎರಡು, ಗಾರೆ ಅರೆಯಲು, ಮಾಳಿಗೆ ಹಾಕಲು ಬಲ್ಲ ಕೈಗಳು ಇರುವಾಗಲೇ ಆ ಕೈಗಳಿಗೆ ಕೆಲಸ ಕೊಡುವುದು. ಹಳೆಯ ಗಾರೆಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯೇ ಸಡಿಲವಾಗುತ್ತದೆಂಬುದನ್ನು ಗೌಂಡಿಗಳು ಬಲ್ಲರು, ಕೇಳುವವರು ಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಭಕ್ತಿಯನ್ನು ದುಡ್ಡಿನಲ್ಲಷ್ಟೇ ಅಳೆಯದೆ ಬುಟ್ಟಿ ಮಣ್ಣಿನಲ್ಲೂ ಅಳೆಯುವ ಹಳೆಯ ಲೆಕ್ಕವನ್ನು ಉಳಿಸಿಕೊಳ್ಳುವುದು. ದುಡಿಮೆಗೆ ತಕ್ಕ ಫಲವೆಂದ ಗುರುವಿನ ನಾಡಿಗೆ ಇದು ಹೊಸ ಉಪದೇಶವೇನಲ್ಲ.

ಆಲ್‌ಫ್ರಿಸ್ಟನ್ನಿನ ಮನೆಯನ್ನು ಹತ್ತು ಪೌಂಡಿಗೆ ಕೊಂಡರು. ಅದನ್ನು ಉಳಿಸಿದ್ದು ಹಣವಲ್ಲ, ಅದಕ್ಕಿಂತ ಮೊದಲು ಅದು ಉಳಿಯಬೇಕೆಂದು ಹೇಳಿದ ಒಬ್ಬ ಮನುಷ್ಯ. ಚಳ್ಳಕೆರೆ ಮೊಳಕಾಲ್ಮೂರುಗಳ ಹಳ್ಳಿಗಳಲ್ಲಿ ಕರಲುಮಣ್ಣಿನ ಮಾಳಿಗೆ ಹೊತ್ತ ಮಠಗಳು ಇನ್ನೂ ಕೆಲವು ನಿಂತಿವೆ. ಈ ಮಾತು ಕೇಳುತ್ತಿರುವವರಲ್ಲಿ ಯಾರ ಊರಲ್ಲಾದರೂ ಅಂಥದೊಂದಿದ್ದರೆ, ಬರುವ ಮುಂಗಾರಿಗೆ ಮುನ್ನ ಒಮ್ಮೆ ಅದರ ಮೇಲೆ ಹತ್ತಿ ನೋಡಿ. ಎಲ್ಲೋ ಒಂದು ಕಡೆ ಮಣ್ಣು ಕೊರೆದಿರುತ್ತದೆ. ಒಂದು ಬುಟ್ಟಿ ಸಾಕು.